ಮುನ್ನೂರು ಕಿಲೋಮೀಟರಿಗೆ ಎಷ್ಟು ಗಂಟೆ?

ಬೆಂಗಳೂರಿನಿಂದ ಮಂಗಳೂರು ಎಷ್ಟು ದೂರ ಎಂದು ಕೇಳಿದರೆ ಕಿಲೋಮೀಟರಿನಲ್ಲಿ ಉತ್ತರ ಹೇಳುವವರು ಕಡಿಮೆ. ‘ರಾತ್ರಿ ಹತ್ತಕ್ಕೆ ಬಸ್ ಹತ್ತಿದರೆ ಬೆಳಿಗ್ಗೆ ಆರಕ್ಕೆ ಅಲ್ಲಿರ್ತೀರಿ’ ಎನ್ನುತ್ತಾರೆ ಒಬ್ಬರು. ‘ಫ್ಲೈಟಲ್ಲಿ ಒಂದೇ ಗಂಟೆ’ ಎನ್ನುತ್ತಾರೆ ಇನ್ನೊಬ್ಬರು. ಸ್ವಂತ ಕಾರಿನವರು ಉತ್ತರ ಹೇಳುವ ಮೊದಲು ‘ಶಿರಾಡಿ ಘಾಟಿ ಓಪನ್ ಇದೆಯಾ?’ ಎಂದು ತಿರುಗಿ ಕೇಳುತ್ತಾರೆ. ನಕ್ಷೆಯ ಮೇಲೆ ಗೆರೆ ಎಳೆದು ಅಳೆದರೆ ಸುಮಾರು 296 ಕಿ.ಮೀ., ಹೆದ್ದಾರಿಯಲ್ಲಿ ಹೋದರೆ ಸುಮಾರು 350 ಕಿ.ಮೀ. ಇಷ್ಟು ಉತ್ತರಗಳಲ್ಲಿ ಯಾವುದೂ ಸುಳ್ಳಲ್ಲ. ಒಂದು ಭೂಮಿಯ ಆಕಾರವನ್ನು ಅಳೆಯುತ್ತದೆ, ಒಂದು ಘಟ್ಟದ ಇಳಿಜಾರನ್ನು, ಇನ್ನೊಂದು ವಿಮಾನ ನಿಲ್ದಾಣದಲ್ಲಿ ಕೂತು ಕಳೆಯುವ ಹೊತ್ತನ್ನು.

ಮೊದಲು ಗೆರೆಯ ವಿಚಾರ.

ಎರಡು ಊರುಗಳ ‘ವೈಮಾನಿಕ ದೂರ’ವನ್ನು ಲೆಕ್ಕ ಹಾಕಲು ಬೇಕಾಗುವುದು ಅವುಗಳ ಅಕ್ಷಾಂಶ, ರೇಖಾಂಶ ಮತ್ತು ಭೂಮಿಯ ತ್ರಿಜ್ಯ ಮಾತ್ರ. ತ್ರಿಜ್ಯ ಸರಾಸರಿ 6,371 ಕಿ.ಮೀ. ಬೆಂಗಳೂರು ಇರುವುದು ಸುಮಾರು 12.97 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮಂಗಳೂರು 12.9 ಡಿಗ್ರಿಯ ಆಸುಪಾಸಿನಲ್ಲಿ. ಎಂದರೆ ಒಂದು ಊರು ಇನ್ನೊಂದರ ನೇರ ಪಶ್ಚಿಮಕ್ಕೆ ಇದೆ ಎಂದರೂ ನಡೆಯುತ್ತದೆ. ರೇಖಾಂಶದ ಅಂತರ 2.73 ಡಿಗ್ರಿ. ಈ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108.5 ಕಿ.ಮೀ. ಗುಣಿಸಿದರೆ 296 ಬರುತ್ತದೆ.

ಆದರೆ ಗೋಳದ ಮೇಲೆ ಅಕ್ಷಾಂಶದ ಗುಂಟ ನೇರ ಪಶ್ಚಿಮಕ್ಕೆ ಸಾಗುವ ದಾರಿ ಅತಿ ಹತ್ತಿರದ ದಾರಿಯಲ್ಲ. ಭೂಮಿಯ ಕೇಂದ್ರವನ್ನೇ ಕೇಂದ್ರವಾಗಿ ಹೊಂದಿರುವ ‘ಮಹಾವೃತ್ತ’ದ ದಾರಿಯೇ ಅತಿ ಚಿಕ್ಕದು, ಅದು ಉತ್ತರ ಗೋಳಾರ್ಧದಲ್ಲಿ ಉತ್ತರದ ಕಡೆಗೆ ಸ್ವಲ್ಪ ಬಾಗಿರುತ್ತದೆ. ಬೆಂಗಳೂರು–ಮಂಗಳೂರು ನಡುವೆ ಈ ಬಾಗುವಿಕೆಯಿಂದ ಉಳಿಯುವ ದೂರವೆಷ್ಟು? ಲೆಕ್ಕ ಹಾಕಿದರೆ ಒಂದೂವರೆ ಮೀಟರಿಗೂ ಕಡಿಮೆ! ಪೈಲಟ್ ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ದೂರ ಹೆಚ್ಚಿದಂತೆ ಮಾತು ಬೇರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನ ಆರಂಭಿಸಿದಾಗ, ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಆ ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದ ತಂದಿತು. ಗೋಡೆಯ ಮೇಲಿನ ಭೂಪಟ ನೋಡಿದವರಿಗೆ ಇದು ಸುತ್ತುಬಳಸಿನ ದಾರಿ ಅನಿಸಬಹುದು. ಆದರೆ ಈ ಎರಡು ಊರುಗಳ ರೇಖಾಂಶಗಳ ನಡುವೆ 160 ಡಿಗ್ರಿ ಅಂತರವಿದೆ. ಭೂಗೋಳದಲ್ಲಿ ಅವು ಹೆಚ್ಚುಕಡಿಮೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಗೋಳಕ್ಕೆ ದಾರ ಬಿಗಿದು ನೋಡಿದರೆ ದಾರ ಧ್ರುವದ ಹತ್ತಿರವೇ ಹಾಯುತ್ತದೆ.

ಇನ್ನೂ ಹಟ ಹಿಡಿದು ‘ನಿಜವಾದ ನೇರ ಗೆರೆ’ಯೇ ಬೇಕು ಎಂದರೆ ನೆಲವನ್ನು ಕೊರೆಯಬೇಕು. ಮೆಜೆಸ್ಟಿಕ್‌ನಿಂದ ಮಂಗಳೂರಿಗೆ ಎಲ್ಲೂ ಬಾಗದ ಸುರಂಗ ತೋಡಿದರೆ, ಅದು ಚನ್ನರಾಯಪಟ್ಟಣ ಮತ್ತು ಹಾಸನದ ನಡುವೆ ನೆಲದಿಂದ ಸುಮಾರು ಎರಡು ಕಿ.ಮೀ. ಆಳದಲ್ಲಿ ಹೋಗುತ್ತದೆ. ಇಷ್ಟೆಲ್ಲ ಅಗೆದು ಉಳಿಸುವ ದೂರ 27 ಮೀಟರ್.

ನಲವತ್ತು ಮೈಲು ಕಳೆದುಹೋದ ಕಥೆ

ಇಂದು ಫೋನಿನಲ್ಲಿ ಬೆರಳಾಡಿಸಿದರೆ ಸಿಗುವ ಈ ಅಂಕಿಗಾಗಿ ಹಿಂದೆ ವರ್ಷಗಟ್ಟಲೆ ದುಡಿಯಬೇಕಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ದಕ್ಷಿಣ ಭಾರತವನ್ನು ಕರಾವಳಿಯಿಂದ ಕರಾವಳಿಯವರೆಗೆ ತ್ರಿಕೋನಗಳಲ್ಲಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಒಂದು ಆಧಾರ ರೇಖೆಯನ್ನು ಅಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದನ್ನು ಅಳೆದು ಪಶ್ಚಿಮಕ್ಕೆ ಹೊರಟ. ಮುಂದೆ ಇದೇ ಕೆಲಸ ಬೆಳೆದು ಹಿಮಾಲಯದವರೆಗೆ ಹೋದ ಮಹಾ ತ್ರಿಕೋನಮಿತೀಯ ಸರ್ವೆ ಆಯಿತು.

ಅವನ ವಿಧಾನದಲ್ಲಿ ಸರಪಳಿ ಹಿಡಿದು ಅಳೆಯಬೇಕಾದ್ದು ಒಂದೇ ಗೆರೆ. ಉಳಿದದ್ದೆಲ್ಲ ಕೋನಗಳು. ಆಧಾರ ರೇಖೆಯ ಎರಡು ತುದಿಗಳಿಂದ ದೂರದ ಒಂದು ಬೆಟ್ಟದ ತಲೆಯನ್ನು ಥಿಯೊಡೊಲೈಟ್‌ನಲ್ಲಿ ನೋಡಿ ಕೋನ ಬರೆದುಕೊಂಡರೆ, ತ್ರಿಕೋನದ ಉಳಿದೆರಡು ಬಾಹುಗಳ ಉದ್ದ ಲೆಕ್ಕದಿಂದಲೇ ಸಿಗುತ್ತದೆ. ಆ ಬಾಹುಗಳೇ ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ, ಅರ್ಧ ಟನ್ ತೂಕದ ಉಪಕರಣವನ್ನು ಹೊತ್ತು ತಂಡ ಸಾಗಿತು. ಲೆಕ್ಕ ಸರಿಯಿದೆಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ನೆಲದ ಮೇಲೆಯೇ ಅಳೆದರು. ಮದ್ರಾಸಿನಿಂದ ಕೋನಗಳ ಮೂಲಕ ಬಂದ ಉತ್ತರಕ್ಕೂ ಸರಪಳಿಯ ಉತ್ತರಕ್ಕೂ ಇದ್ದ ವ್ಯತ್ಯಾಸ ಕೆಲವೇ ಅಂಗುಲಗಳು.

ತ್ರಿಕೋನಗಳ ಸರಣಿ ಮಂಗಳೂರಿನ ಕಡಲನ್ನು ಮುಟ್ಟಿದಾಗ ಆಶ್ಚರ್ಯ ಕಾದಿತ್ತು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲು ಎಂದು ಆವರೆಗಿನ ನಕ್ಷೆಗಳು ಹೇಳುತ್ತಿದ್ದವು. ಲ್ಯಾಂಬ್ಟನ್ನನ ಲೆಕ್ಕದಲ್ಲಿ ಅದು ಸುಮಾರು 360 ಮೈಲು. ನಕ್ಷೆಯಲ್ಲಿದ್ದ ನಲವತ್ತು ಮೈಲು ನೆಲ ನಿಜದಲ್ಲಿ ಇರಲೇ ಇಲ್ಲ.

ಇಷ್ಟು ದೊಡ್ಡ ತಪ್ಪು ಹೇಗೆ ಸಾಧ್ಯ? ಅಕ್ಷಾಂಶವನ್ನು ನಕ್ಷತ್ರ ನೋಡಿ ಹೇಳಬಹುದು. ರೇಖಾಂಶಕ್ಕೆ ಮಾತ್ರ ಗಡಿಯಾರ ಬೇಕು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಮಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡವಾಗಿ. ಎರಡು ಊರುಗಳ ಸ್ಥಳೀಯ ವೇಳೆಯನ್ನು ಹೋಲಿಸುವಾಗ ಒಂದು ನಿಮಿಷ ತಪ್ಪಿದರೆ ನಕ್ಷೆಯಲ್ಲಿ 27 ಕಿ.ಮೀ. ತಪ್ಪುತ್ತದೆ. ನಲವತ್ತು ಮೈಲಿನ ತಪ್ಪಿಗೆ ಎರಡೂವರೆ ನಿಮಿಷದಷ್ಟು ಎಡವಟ್ಟು ಸಾಕು. ಕೋನ ಅಳೆಯುವವರಿಗೆ ಗಡಿಯಾರದ ಹಂಗಿರಲಿಲ್ಲ.

ಘಟ್ಟ ತಿನ್ನುವ ಹೊತ್ತು

ಗೆರೆಯ 296 ಕಿ.ಮೀ. ರಸ್ತೆಯಲ್ಲಿ 350 ಆಗುತ್ತದೆ. ಹೆಚ್ಚುವರಿ ಶೇ 18. ಭಾರತದ ರಸ್ತೆಗಳ ಮಟ್ಟಿಗೆ ಇದೇನೂ ದೊಡ್ಡ ಸುತ್ತಲ್ಲ. ರಾಷ್ಟ್ರೀಯ ಹೆದ್ದಾರಿ 75 ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನಗಳ ಮೂಲಕ ಮೈದಾನದ ಮೇಲೆ ಸಲೀಸಾಗಿ ಓಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಲ್ಲಿವರೆಗೆ ಇಳಿಯಬೇಕಾದ್ದೇನೂ ಇಲ್ಲ. ಇಳಿಯಬೇಕಾದ್ದೆಲ್ಲ ದೋಣಿಗಾಲ್, ಮಾರನಹಳ್ಳಿ ದಾಟಿ ಗುಂಡ್ಯ ಮುಟ್ಟುವುದರೊಳಗೆ, ಮೂವತ್ತು ಕಿ.ಮೀ. ಆಸುಪಾಸಿನ ಶಿರಾಡಿ ಘಾಟಿಯಲ್ಲಿ.

ಸಕಲೇಶಪುರದಲ್ಲಿ ನೀರು ಕುಡಿದು ಮುಚ್ಚಳ ಬಿಗಿಯಾಗಿ ತಿರುಗಿಸಿಟ್ಟ ಪ್ಲಾಸ್ಟಿಕ್ ಬಾಟಲಿಯನ್ನು ಉಪ್ಪಿನಂಗಡಿಯಲ್ಲಿ ತೆಗೆದು ನೋಡಿದರೆ ಪಕ್ಕೆಗಳು ಒಳಕ್ಕೆ ಹೋಗಿರುತ್ತವೆ. ಮೇಲಿನ ಗಾಳಿ ಒಳಗೆ ಸೆರೆಯಾಗಿದೆ. ಕೆಳಗಿನ ಗಾಳಿಯ ಒತ್ತಡ ಅದಕ್ಕಿಂತ ಹೆಚ್ಚು. ಸಮುದ್ರಮಟ್ಟಕ್ಕೆ ಬರುವಷ್ಟರಲ್ಲಿ ಬಾಟಲಿಯೊಳಗಿನ ಗಾಳಿ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಎದುರು ದಿಕ್ಕಿನಲ್ಲಿ ಮಂಗಳೂರಿನಿಂದ ತಂದ ಚಿಪ್ಸ್ ಪೊಟ್ಟಣ ಸಕಲೇಶಪುರದ ಹೊತ್ತಿಗೆ ಉಬ್ಬಿ ಕೂತಿರುತ್ತದೆ. ಬಸ್ಸಿನಲ್ಲಿ ಮಲಗಿದ್ದವರ ಕಿವಿ ಗುಂಯ್ ಎನ್ನುವುದೂ ಇದೇ ಕಾರಣಕ್ಕೆ.

ಇಳಿಯುವುದಕ್ಕೆ ಶಕ್ತಿ ಬೇಡ ಎಂದುಕೊಳ್ಳುವಂತಿಲ್ಲ. ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. 15 ಟನ್ ತೂಕದ ಬಸ್ಸು 800 ಮೀಟರ್ ಇಳಿಯುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 118 ಮೆಗಾಜೂಲ್, ಎಂದರೆ ಮೂರು ಲೀಟರಿಗಿಂತ ಹೆಚ್ಚು ಡೀಸೆಲ್‌ನಲ್ಲಿ ಅಡಗಿರುವಷ್ಟು. ಅದೆಲ್ಲ ಬ್ರೇಕಿನ ಪಾಲಾದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಆದ್ದರಿಂದಲೇ ಅನುಭವಿ ಚಾಲಕರು ಘಾಟಿಯ ತಲೆಯಲ್ಲೇ ಗೇರು ಇಳಿಸಿ, ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯುತ್ತಾರೆ. ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸಲು ಹೋದವರ ಲಾರಿಗಳ ಬ್ರೇಕಿನಿಂದ ಬರುವ ಸುಟ್ಟ ವಾಸನೆ ಹಿಂದಿನ ವಾಹನದವರಿಗೂ ಬಡಿಯುತ್ತದೆ.

ವೇಗಕ್ಕೆ ಕಡಿವಾಣ ಹಾಕುವುದು ತಿರುವು. ತಿರುವಿನಲ್ಲಿ ವಾಹನವನ್ನು ಒಳಕ್ಕೆ ಎಳೆದು ಹಿಡಿಯಬೇಕಾದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರಯಾಣಿಕರು ಆಚೀಚೆ ವಾಲದೆ ಕೂರಬೇಕಾದರೆ ಆ ಬಲ ಅವರ ತೂಕದ ಐದನೇ ಒಂದು ಭಾಗ ಮೀರಬಾರದು ಎಂದಿಟ್ಟುಕೊಳ್ಳಿ. ಆಗ 300 ಮೀಟರ್ ತ್ರಿಜ್ಯದ ಹೆದ್ದಾರಿ ತಿರುವನ್ನು ಗಂಟೆಗೆ 87 ಕಿ.ಮೀ. ವೇಗದಲ್ಲಿ ದಾಟಬಹುದು. 30 ಮೀಟರ್ ತ್ರಿಜ್ಯದ ಘಾಟಿ ತಿರುವಿನಲ್ಲಿ 28ಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಎಂಜಿನ್ ಎಷ್ಟೇ ದೊಡ್ಡದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಮುಂದೆ ಟ್ಯಾಂಕರುಗಳ ಸಾಲು ತೆವಳುತ್ತಿದ್ದರೆ 28 ಕೂಡ ಕನಸೇ.

ಈಗ ಇಡೀ ದಾರಿಯ ಹೊತ್ತನ್ನು ಕೂಡಿಸಿ ನೋಡಬಹುದು. ಅಂದಾಜು ಲೆಕ್ಕ ಹೀಗಿದೆ: ಬೆಂಗಳೂರು ದಾಟುವ 20 ಕಿ.ಮೀ.ಗೆ ಗಂಟೆಗೆ 20ರ ವೇಗ, ಮೈದಾನದ 200 ಕಿ.ಮೀ.ಗೆ 75, ಘಾಟಿಯ 30 ಕಿ.ಮೀ.ಗೆ 25, ಕೆಳಗಿನ 100 ಕಿ.ಮೀ.ಗೆ 45. ಒಟ್ಟು ಏಳು ಗಂಟೆ ಐದು ನಿಮಿಷ. ಸರಾಸರಿ ವೇಗ ಗಂಟೆಗೆ ಐವತ್ತೂ ಇಲ್ಲ. ನಗರ ಮತ್ತು ಘಾಟಿ ಸೇರಿದರೆ ದೂರದ ಏಳನೇ ಒಂದು ಪಾಲು. ಆದರೆ ಅವು ನುಂಗುವುದು ಎರಡು ಗಂಟೆ ಹನ್ನೆರಡು ನಿಮಿಷ, ಹೊತ್ತಿನ ಶೇ 31.

ಇದೇ ಲೆಕ್ಕ ಇನ್ನೂ ಒಂದು ಸಂಗತಿ ಹೇಳುತ್ತದೆ. ಮೈದಾನದಲ್ಲಿ ಜೀವ ಕೈಯಲ್ಲಿ ಹಿಡಿದು 75ರ ಬದಲು 90ರ ಸರಾಸರಿಯಲ್ಲಿ ಓಡಿಸಿದರೂ ಉಳಿಯುವುದು 27 ನಿಮಿಷ. ನಗರದ 20 ಕಿ.ಮೀ.ಯಲ್ಲಿ ವೇಗ 20ರಿಂದ 40ಕ್ಕೆ ಏರಿದರೆ ಉಳಿಯುವುದು 30 ನಿಮಿಷ. ಘಾಟಿಯಲ್ಲಿ 25 ಇದ್ದದ್ದು 50 ಆದರೆ 36 ನಿಮಿಷ. ನಿಧಾನದ ತುಣುಕುಗಳಲ್ಲಿ ಸಿಗುವ ಉಳಿತಾಯವೇ ದೊಡ್ಡದು. ಶುಕ್ರವಾರ ಸಂಜೆ ಐದಕ್ಕೆ ಹೊರಡುವ ಬದಲು ಬೆಳಿಗ್ಗೆ ಐದಕ್ಕೆ ಹೊರಡುವವರು ಸೂತ್ರ ಬರೆಯದೆಯೇ ಈ ಗಣಿತ ಮಾಡಿರುತ್ತಾರೆ. ಶಿರಾಡಿಯಲ್ಲಿ ಸುರಂಗ ಮಾರ್ಗ ಬೇಕೆಂಬ ಬೇಡಿಕೆಯ ಹಿಂದಿರುವುದೂ ಇದೇ.

ಘಾಟಿ ತೆರೆದಿದ್ದರೆ ಎಂಬ ಷರತ್ತು ಈ ಎಲ್ಲ ಅಂಕಿಗಳಿಗೂ ಅನ್ವಯ. ಕಾಂಕ್ರೀಟ್ ಹಾಕಲು 2015ರಲ್ಲಿ ಮತ್ತು 2018ರಲ್ಲಿ ತಿಂಗಳುಗಟ್ಟಲೆ ಶಿರಾಡಿಯನ್ನು ಮುಚ್ಚಲಾಗಿತ್ತು. 2024ರ ಜುಲೈ ಮಳೆಗೆ ದೊಡ್ಡತಪ್ಪಲು ಬಳಿ ಗುಡ್ಡ ಜರಿಯಿತು. ಅಂಥ ದಿನಗಳಲ್ಲಿ ವಾಹನಗಳು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯಬೇಕು, ಇಲ್ಲವೇ ಮಡಿಕೇರಿಗೆ ಸುತ್ತಿ ಸಂಪಾಜೆ ಇಳಿಯಬೇಕು. ಊರುಗಳು ಇದ್ದಲ್ಲೇ ಇರುತ್ತವೆ, ದೂರ ಮಾತ್ರ ರಾತ್ರೋರಾತ್ರಿ ಬೆಳೆದಿರುತ್ತದೆ.

ರೈಲಿಗೆ ಘಟ್ಟ ಇನ್ನೂ ಕಷ್ಟ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ರಸ್ತೆಯಷ್ಟು ಕಡಿದಾಗಿ ಹಳಿ ಹಾಕುವಂತಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಯಲ್ಲಿ ಇಳಿಜಾರು ಐವತ್ತು ಮೀಟರಿಗೆ ಒಂದು ಮೀಟರ್. ಅಷ್ಟರೊಳಗೆ 57 ಸುರಂಗಗಳಿವೆ, ವೇಗ ಗಂಟೆಗೆ 30 ಕಿ.ಮೀ. ಮೀರುವುದಿಲ್ಲ. ಹತ್ತುವಾಗ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಕಟ್ಟುತ್ತಾರೆ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದಾಗ ರಸ್ತೆಯ ಜೊತೆ ರೈಲೂ ಕೈಕೊಟ್ಟಿತು.

ಮೇಲೇರುವುದೇ ಪ್ರಯಾಣ

ಹಾಗಾದರೆ ಹಾರಿಬಿಡುವುದೇ ಜಾಣತನವೇ? ವಿಮಾನಕ್ಕೆ ಘಟ್ಟ ಲೆಕ್ಕಕ್ಕಿಲ್ಲ. ಜೆಟ್ ವಿಮಾನದ ಪೂರ್ಣ ವೇಗ ಗಂಟೆಗೆ ಸುಮಾರು 830 ಕಿ.ಮೀ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಗೆರೆಯ ದೂರ ಸುಮಾರು 307 ಕಿ.ಮೀ. ಭಾಗಿಸಿದರೆ 22 ನಿಮಿಷ ಬರುತ್ತದೆ. ವೇಳಾಪಟ್ಟಿಯಲ್ಲಿ ಮಾತ್ರ ಒಂದು ಗಂಟೆಗಿಂತ ಕಡಿಮೆ ಬರೆದಿರುವುದಿಲ್ಲ.

ಉಳಿದ ನಿಮಿಷಗಳು ಹೋಗುವುದೆಲ್ಲಿಗೆ? ಒಂದಿಷ್ಟು ನೆಲದ ಮೇಲೆಯೇ. ವೇಳಾಪಟ್ಟಿಯ ಗಡಿಯಾರ ಓಡಲು ಶುರುವಾಗುವುದು ವಿಮಾನ ತನ್ನ ತಂಗುದಾಣ ಬಿಟ್ಟಾಗ, ನಿಲ್ಲುವುದು ಆಚೆ ತಂಗುದಾಣ ಸೇರಿದಾಗ. ರನ್‌ವೇವರೆಗಿನ ಸಾಲು, ಕಾಯುವಿಕೆ ಎಲ್ಲ ಅದರಲ್ಲಿ ಸೇರಿದೆ. ಆಕಾಶದಲ್ಲೂ ಪೂರ್ಣ ವೇಗಕ್ಕೆ ಬಿಡುವಿಲ್ಲ. ಹತ್ತು ಸಾವಿರ ಅಡಿಯ ಕೆಳಗೆ ವೇಗದ ಮಿತಿ 250 ನಾಟ್, ಎಂದರೆ ಗಂಟೆಗೆ 463 ಕಿ.ಮೀ. ಇಳಿಯುವಾಗ ಪೈಲಟ್‌ಗಳು ಅನುಸರಿಸುವ ಸರಳ ಲೆಕ್ಕ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲು. 25 ಸಾವಿರ ಅಡಿಯಿಂದ ಇಳಿಯಲು ಸುಮಾರು 140 ಕಿ.ಮೀ. ಮುಂಚೆಯೇ ತಯಾರಾಗಬೇಕು. ಏರಲು ಇನ್ನೊಂದು ನೂರು–ನೂರಿಪ್ಪತ್ತು ಕಿ.ಮೀ. ಖರ್ಚಾಗಿರುತ್ತದೆ. ಸಮನಾಗಿ ಹಾರಲು ಉಳಿಯುವುದು ಐವತ್ತು ಕಿ.ಮೀ.; ನಾಲ್ಕು ನಿಮಿಷದಲ್ಲಿ ಅದೂ ಮುಗಿಯುತ್ತದೆ. ಗಗನಸಖಿಯರು ನೀರಿನ ಲೋಟ ಕೊಟ್ಟ ಬೆನ್ನಿಗೇ ಅದನ್ನು ವಾಪಸ್ ಕೇಳುವುದು ಇದಕ್ಕೇ. ಗಂಟೆಗೆ 500 ಕಿ.ಮೀ. ಮಾತ್ರ ಹೋಗಬಲ್ಲ ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ ಈ ದಾರಿಯಲ್ಲಿ ಜೆಟ್‌ಗಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ.

ಬಜ್ಪೆಯ ರನ್‌ವೇ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಅಂಚು ದಾಟಿದರೆ ಕಣಿವೆ. 2010ರ ಮೇ 22ರ ವಿಮಾನ ದುರಂತದಲ್ಲಿ 158 ಜನ ಜೀವ ಕಳೆದುಕೊಂಡದ್ದು ಇಲ್ಲಿಯೇ. ಮಳೆಗಾಲದಲ್ಲಿ ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ವಿಮಾನ ಮೇಲೆಯೇ ಸುತ್ತು ಹಾಕಿ ಕಾಯುತ್ತದೆ. ಆಗಲೂ ಸಾಧ್ಯವಾಗದಿದ್ದರೆ ಹೊರಟಲ್ಲಿಗೇ ಮರಳುತ್ತದೆ, ಇಲ್ಲವೇ ಬೇರೆ ಊರಿನಲ್ಲಿ ಇಳಿಯುತ್ತದೆ.

ಬಾಗಿಲಿನಿಂದ ಬಾಗಿಲಿಗೆ

ಪ್ರಯಾಣಿಕ ಹೊರಡುವುದು ಮನೆಯಿಂದ. ಜಯನಗರದಿಂದ ದೇವನಹಳ್ಳಿ ಕಡೆಯ ನಿಲ್ದಾಣಕ್ಕೆ ಒಂದೂವರೆ ಗಂಟೆ. ಚೆಕ್-ಇನ್ ಕೌಂಟರು ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ಭದ್ರತಾ ತಪಾಸಣೆಯ ಸಾಲನ್ನೂ ಸೇರಿಸಿ ಇನ್ನೊಂದೂವರೆ ಗಂಟೆ. ಹಾರಾಟ ಒಂದು ಗಂಟೆ ಐದು ನಿಮಿಷ. ಲಗೇಜು ಬರಲು 25 ನಿಮಿಷ. ಬಜ್ಪೆಯಿಂದ ಮಂಗಳೂರು ನಗರದ ಹಂಪನಕಟ್ಟೆಗೆ 40 ನಿಮಿಷ. ಒಟ್ಟು ಐದು ಗಂಟೆ ಹತ್ತು ನಿಮಿಷ. 296 ಕಿ.ಮೀ.ಯನ್ನು ಇದರಿಂದ ಭಾಗಿಸಿದರೆ ಗಂಟೆಗೆ 57 ಕಿ.ಮೀ. ಮೈದಾನದಲ್ಲಿ ಓಡುವ ಕೆಂಪು ಬಸ್ಸಿನ ವೇಗ!

ಈ ಐದು ಚಿಲ್ಲರೆ ಗಂಟೆಯಲ್ಲಿ ನಾಲ್ಕು ಗಂಟೆ ಸ್ಥಿರ ವೆಚ್ಚ. ಮಂಗಳೂರಿಗೆ ಹೋದರೂ ದೆಹಲಿಗೆ ಹೋದರೂ ಅದನ್ನು ಕಟ್ಟಲೇಬೇಕು. 2008ರ ಮೇವರೆಗೆ ವಿಮಾನಗಳು ಹಳೇ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದಾಗ ನಗರವಾಸಿಗಳಿಗೆ ಈ ವೆಚ್ಚ ಕಡಿಮೆ ಇತ್ತು. ರಸ್ತೆಯ ಲೆಕ್ಕದಲ್ಲಿ ಇಂಥ ಸ್ಥಿರ ಭಾಗ ಇಲ್ಲವೆನ್ನುವಷ್ಟು ಚಿಕ್ಕದು, ಆದರೆ ಪ್ರತಿ ಕಿಲೋಮೀಟರೂ ದುಬಾರಿ. ಆದ್ದರಿಂದ ಎರಡೂ ಸಮವಾಗುವ ಒಂದು ದೂರ ಇರಲೇಬೇಕು. ಮೇಲಿನ ಅಂಕಿಗಳನ್ನೇ ಇಟ್ಟುಕೊಂಡರೆ ಘಾಟಿಯ ರಸ್ತೆಗೆ ಅದು ಸುಮಾರು 200 ಕಿ.ಮೀ. ಗೆರೆ ದೂರ. ಗಂಟೆಗೆ 65ರ ಸರಾಸರಿ ಕೊಡುವ ಒಳ್ಳೆಯ ಚತುಷ್ಪಥಕ್ಕೆ 300ರ ಹತ್ತಿರ. ರಸ್ತೆ ಸುಧಾರಿಸಿದಷ್ಟೂ ವಿಮಾನದ ಗೆಲುವಿನ ಗಡಿ ದೂರ ಸರಿಯುತ್ತದೆ.

ಮೈಸೂರು ಈ ಗಡಿಯ ಬಹಳ ಈಚೆಗಿದೆ. ಗೆರೆ ದೂರ 126 ಕಿ.ಮೀ., 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಬೇರೆ. ವಿಮಾನದ ಬಾಗಿಲು ಮುಚ್ಚುವ ಹೊತ್ತಿಗೆ ಕಾರಿನಲ್ಲಿ ಹೊರಟವರು ಮೈಸೂರು ಮುಟ್ಟಿರುತ್ತಾರೆ. ಬೆಳಗಾವಿ ಗಡಿಯ ಆಚೆಗಿದೆ: ಗೆರೆ ದೂರ 460, ರಸ್ತೆ ಸುಮಾರು 500. ತುಮಕೂರು, ದಾವಣಗೆರೆ, ಹುಬ್ಬಳ್ಳಿ ಮೂಲಕ ಇಡೀ ದಾರಿ ಘಟ್ಟವಿಲ್ಲದ ಹೆದ್ದಾರಿ. ಎಂಟು ಗಂಟೆಯ ಆಸುಪಾಸಿನಲ್ಲಿ ತಲುಪಬಹುದು. ಮಂಗಳೂರಿಗಿಂತ 150 ಕಿ.ಮೀ. ಹೆಚ್ಚು, ಹೊತ್ತು ಒಂದೇ ಗಂಟೆ ಹೆಚ್ಚು. ವಿಮಾನದಲ್ಲಾದರೆ ಹೆಚ್ಚುವುದು ಕಾಲು ಗಂಟೆ ಇರಬಹುದು. ಹಾಗಾಗಿ ಹಾರಿ ಉಳಿಸುವ ಹೊತ್ತು ಮಂಗಳೂರಿಗೆ ಎರಡು ಗಂಟೆಗೂ ಕಡಿಮೆ, ಬೆಳಗಾವಿಗೆ ಎರಡೂವರೆ ಗಂಟೆಗೂ ಹೆಚ್ಚು.

ಮಂಗಳೂರು ಗಡಿಯ ಹತ್ತಿರವೇ ಬೀಳುವುದರಿಂದ ತೀರ್ಮಾನ ಹೆಚ್ಚಾಗಿ ಗಂಟೆಗಳ ಮೇಲೆ ನಿಲ್ಲುವುದಿಲ್ಲ. ಅವು ಯಾವ ಗಂಟೆಗಳು ಎಂಬುದರ ಮೇಲೆ ನಿಲ್ಲುತ್ತದೆ. ಹಂಪನಕಟ್ಟೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕೆಲಸವಿರುವವರು ಅಂದೇ ಹಾರುವುದಾದರೆ ನಸುಕಿನ ನಾಲ್ಕಕ್ಕೂ ಮುಂಚೆ ಮನೆ ಬಿಡಬೇಕು, ಇಡೀ ಐದು ಗಂಟೆ ಎಚ್ಚರವಾಗಿಯೇ ಇರಬೇಕು. ರಾತ್ರಿ ಬಸ್ಸಿಗೆ ಎಂಟು ಗಂಟೆ ಬೇಕು, ಅದರಲ್ಲಿ ಆರು ಗಂಟೆ ನಿದ್ದೆಗೆ ಹೋಗುತ್ತದೆ. ಆದರೆ ಜುಲೈ ತಿಂಗಳ ಮಳೆಗೆ ಮಾರನಹಳ್ಳಿ ಬಳಿ ಸಾಲುಗಟ್ಟಿ ನಿಂತರೆ ಎಂಟು ಹನ್ನೆರಡೂ ಆಗಬಹುದು. ಅದೇ ಮಳೆಗೆ ಬಜ್ಪೆಯ ಮೋಡವೂ ಕೈಕೊಡಬಹುದು. ಕರಾವಳಿಯವರು ಅಂಥ ತಿಂಗಳಲ್ಲಿ ಮದುವೆ, ಪರೀಕ್ಷೆ, ಕೋರ್ಟು ಕೆಲಸಗಳಿಗೆ ಒಂದು ದಿನ ಮೊದಲೇ ಹೊರಡುತ್ತಾರೆ.